ಮನೆಗಾಡಿಗೆ ಹತ್ತು ಮೀಟರ್ ವೈರು

ಮೂವತ್ತೊಂದು ವರ್ಷ ರೈಲು, ಬಸ್ಸುಗಳ ವೇಳಾಪಟ್ಟಿಯ ಕರಡು ತಿದ್ದಿದ ಮನುಷ್ಯ ಒಮ್ಮೆಯೂ ಊರಿನ ಗಡಿ ದಾಟಿರಲಿಲ್ಲ ಎಂದರೆ ನಂಬುವುದು ಕಷ್ಟ. ನಮ್ಮ ಕರಡು ಮಾಮನ ವಿಷಯದಲ್ಲಿ ಅದು ಅಕ್ಷರಶಃ ನಿಜ. ಮುದ್ರಣಾಲಯದ ಮೂಲೆಯ ಮೇಜಿಗೆ ಕೂತು, ಕೆಂಪು ಪೆನ್ಸಿಲು ಹಿಡಿದು, ಸಾವಿರಾರು ಗಾಡಿಗಳನ್ನು ಅವರು ಸರಿಯಾದ ಸಮಯಕ್ಕೆ ಹೊರಡಿಸಿದ್ದರು. ಒಂದನ್ನೂ ಹತ್ತಿರಲಿಲ್ಲ. ರಜೆ ಸಿಕ್ಕಾಗ ಹೊಸ ವೇಳಾಪಟ್ಟಿ ಅಚ್ಚಿಗೆ ಬರುತ್ತಿತ್ತು. ವೇಳಾಪಟ್ಟಿ ಮುಗಿಯುವಾಗ ರಜೆ ಮುಗಿದಿರುತ್ತಿತ್ತು. ಬೀದಿಯ ದೊಡ್ಡವರು ಅವರನ್ನು ಕರಡು ಮಾಮ ಎನ್ನುತ್ತಿದ್ದರು, ಮಕ್ಕಳು ಕರಡಿ ಮಾಮ ಎನ್ನುತ್ತಿದ್ದರು. ಜೀವಮಾನವೆಲ್ಲ ಅಕ್ಷರದೋಷ ಹುಡುಕಿದವರಿಗೆ ಈ ಒಂದು ದೋಷವನ್ನು ಮಾತ್ರ ತಿದ್ದಲು ಆಗಲಿಲ್ಲ.

ಅವರು ನಿವೃತ್ತರಾದ ಎರಡನೇ ತಿಂಗಳು ಹೆಂಡತಿಯ ತಮ್ಮ ಒಂದು ಮೋಟಾರು ಮನೆಯನ್ನು ತಂದು, ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿದ. ಹೊರಗಿನಿಂದ ಪುಟ್ಟ ಬಸ್ಸು. ಒಳಗೆ ಮಂಚ, ಮಡಚುವ ಮೇಜು, ಸಣ್ಣ ಫ್ರಿಜ್ಜು, ಕಿಟಕಿಗೆ ತೆಳು ನೀಲಿ ಪರದೆ. ಬೀದಿಯವರು ಅರ್ಧ ಗಂಟೆಯಲ್ಲಿ ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು.

"ಬ್ಯಾಟರಿ ಕೈಕೊಟ್ಟಿದೆ ಭಾವ, ತಳ್ಳಿಸಿ ಸ್ಟಾರ್ಟ್ ಮಾಡಿಸ್ಕೊಂಡು ಬಂದೆ. ನಾನು ಮೂರು ತಿಂಗಳು ಹಡಗಿನ ಕೆಲಸಕ್ಕೆ ಹೋಗ್ತಿದ್ದೀನಿ. ಅಲ್ಲೀವರೆಗೆ ನಿಮ್ಮ ಕಣ್ಣೆದುರು ಇರ್ಲಿ" ಎಂದ ತಮ್ಮ. "ಮನೆ ಗೋಡೆ ಪಕ್ಕಕ್ಕೇ ನಿಲ್ಲಿಸ್ಲಾ?"

"ಬೇಡ. ಆ ಕೊನೇಲಿ ನಿಲ್ಲಿಸು, ಮರದ ಕೆಳಗೆ. ಪಕ್ಕದಲ್ಲಿದ್ರೆ ಮನೇಲೇ ಇದ್ದ ಹಾಗಿರುತ್ತೆ."

ಮರುದಿನ ಊಟ ಮುಗಿಸಿ ಮಾಮ ಒಂದು ದಿಂಬು, ಒಂದು ಹೊದಿಕೆ, ಒಂದು ತಂಬಿಗೆ ನೀರು ಹಿಡಿದುಕೊಂಡು ಖಾಲಿ ಜಾಗವನ್ನು ದಾಟಿ ಹೋಗಿ ಮನೆಗಾಡಿಯಲ್ಲಿ ಮಲಗಿದರು. ಎಲೆಗಳ ನೆರಳು ಚಾವಣಿಯ ಮೇಲೆ ಹಿಂದಕ್ಕೆ ಹಿಂದಕ್ಕೆ ಹರಿಯುತ್ತಿತ್ತು. ಮಗ್ಗುಲು ಬದಲಿಸಿದರೆ ಗಾಡಿ ಮೆಲ್ಲಗೆ ತೂಗುತ್ತಿತ್ತು. ಕಣ್ಣು ಅರ್ಧ ಮುಚ್ಚಿದಾಗ ಗಾಡಿ ಹೊರಟಿತು. ಅವರು ತಿದ್ದಿದ ಊರುಗಳೆಲ್ಲ ಒಂದೊಂದಾಗಿ ಕಿಟಕಿಯ ಹತ್ತಿರ ಬಂದು, ಮುಖ ತೋರಿಸಿ, ಹಿಂದೆ ಸರಿದವು. ಒಂದು ಊರಿನ ತುಂಬ ಬರೀ ಗಾಳಿ. ಇನ್ನೊಂದು ಊರಿನಲ್ಲಿ ಯಾರೋ ನೀರಿನ ಅಂಚಿಗೆ ಕುರ್ಚಿ ಹಾಕಿ ಕೂತಿದ್ದರು. ಒಂದು ಫಲಕದಲ್ಲೂ ಕಾಗುಣಿತದ ತಪ್ಪಿರಲಿಲ್ಲ. ನಾಲ್ಕು ಗಂಟೆಗೆ ಎಚ್ಚರವಾಗಿ, "ಎಲ್ಲಿಗೆ ಬಂದ್ವಿ?" ಎಂದು ಕೇಳಿ, ಯಾರೂ ಉತ್ತರ ಕೊಡದಿದ್ದಾಗ ಮನೆಗೆ ಹೋಗಿ ಚಹಾ ಕೇಳಿದರು.

ಅಂದಿನಿಂದ ಅದೇ ಅಭ್ಯಾಸವಾಯಿತು. ಆದರೆ ಸೆಖೆ ಹೆಚ್ಚಿದಂತೆ ಪ್ರಯಾಣ ಕಷ್ಟವಾಯಿತು. ಫ್ಯಾನು ಬೇಕು, ಫ್ರಿಜ್ಜಿನಲ್ಲಿ ತಣ್ಣೀರು ಬೇಕು, ಎದ್ದ ಕೂಡಲೇ ಚಹಾಕ್ಕೆ ವಿದ್ಯುತ್ ಕೆಟಲು ಬೇಕು. ಮಾಮ ಮನೆಯಲ್ಲಿದ್ದ ವೈರುಗಳನ್ನೆಲ್ಲ ಒಟ್ಟುಗೂಡಿಸಿದರು. ಇಸ್ತ್ರಿಪೆಟ್ಟಿಗೆಗೆಂದು ಮದುವೆಯಾದ ವರ್ಷ ಕೊಂಡಿದ್ದ ಉದ್ದನೆಯ ಎಕ್ಸ್‌ಟೆನ್ಷನ್ ವೈರು, ಅದರ ತುದಿಗೆ ಮೇಜಿನ ದೀಪದ ಬಿಳಿ ವೈರು, ಅದರ ತುದಿಗೆ ಹಳೆಯ ರೇಡಿಯೋದ್ದು. ಸೇರಿಸಿದ ಕಡೆಯೆಲ್ಲ ಟೇಪು. ಈ ಮಹಾಮಾರ್ಗ ಅಡುಗೆಮನೆಯ ಕಿಟಕಿಯಿಂದ ಹೊರಟು, ಬಟ್ಟೆ ಒಗೆಯುವ ಕಲ್ಲನ್ನು ಸುತ್ತಿ, ಹುಲ್ಲಿನಲ್ಲಿ ಮುಳುಗಿ, ಮನೆಗಾಡಿಯ ಕಾಲೊರಸಿನ ಅಡಿಯಲ್ಲಿ ಒಳಗೆ ಹೋಗುತ್ತಿತ್ತು. ಉಳಿದ ಐದಾರು ಮೀಟರನ್ನು ಅವರು ಚಂದವಾಗಿ ಸುರುಳಿ ಸುತ್ತಿ ಹಾಸಿಗೆಯ ಕೆಳಗೆ ಇಟ್ಟಿದ್ದರು.

ಮಾಮನ ಹೆಂಡತಿ, ಬೀದಿಗೆಲ್ಲ ಅತ್ತೆ, ಬೆಳಗಿನ ಹೊತ್ತು ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಬಾಯಿ ತೆರೆದು ಕೂತವರ ಜೊತೆ ವರ್ಷಗಟ್ಟಲೆ ಮಾತಾಡಿ, ಉತ್ತರಕ್ಕೆ ಕಾಯದೆ ಮಾತು ಮುಗಿಸುವುದು ಅವರ ಸ್ವಭಾವವಾಗಿತ್ತು.

"ರೀ, ವೈರು ಬಿಸಿಯಾಗ್ತಿದೆ" ಎಂದರು ಅವರು ಒಂದು ದಿನ.

"ಬೇಸಿಗೆ ಅಲ್ವಾ" ಎಂದರು ಮಾಮ.

"ಎಲೆಕ್ಟ್ರಿಷಿಯನ್‌ಗೆ ಬರೋಕೆ ಹೇಳಿದ್ದೀನಿ" ಎಂದು ಅತ್ತೆ ಒಳಗೆ ಹೋದರು.

ಎಲೆಕ್ಟ್ರಿಷಿಯನ್ ನಿಧಾನದ ಮನುಷ್ಯ. ಮಾತಾಡುವ ಮುನ್ನ ಕಣ್ಣು ಮುಚ್ಚಿ, ಒಳಗೆಲ್ಲೋ ಒಂದು ಸ್ವಿಚ್ಚು ಹುಡುಕಿ, ಆಮೇಲೆ ಬಾಯಿ ತೆರೆಯುತ್ತಿದ್ದ. ಮಧ್ಯಾಹ್ನ ಎರಡಕ್ಕೆ ಬಂದು, ವೈರಿನ ಉದ್ದಕ್ಕೂ ನಡೆದು, ಹಾಸಿಗೆ ಎತ್ತಿ ನೋಡಿ, ಮನೆಗಾಡಿಯ ಮೆಟ್ಟಿಲ ಮೇಲೆ ಕೂತ. ಮಾಮ ಮಂಚದ ಮೇಲೆ ಕೂತರು. ಕಿಟಕಿ ತೆರೆದಿತ್ತು. ಕಿಟಕಿಯ ಆಚೆ ಕಾಂಪೌಂಡು. ಕಾಂಪೌಂಡಿನ ಆಚೆ ಪಕ್ಕದ ಮನೆಯ ಟೈಲರಮ್ಮ, ತೊಳೆದ ಬಟ್ಟೆಗಳನ್ನು ತಂತಿಗೆ ಹರವುತ್ತಿದ್ದರು.

"ಅದು ನಿಮ್ಮನೆಗೆ ಬಂದು ಎಷ್ಟು ವರ್ಷ ಆಯ್ತು?" ಎಂದು ಕೇಳಿದ ಎಲೆಕ್ಟ್ರಿಷಿಯನ್.

"ಮದುವೆ ಆದ ವರ್ಷವೇ ಬಂತು."

ಟೈಲರಮ್ಮ ಒಂದು ಅಂಗಿಯನ್ನು ಹಿಂಡುವುದನ್ನು ನಿಲ್ಲಿಸಿದರು.

"ಅದಕ್ಕೇ ಮತ್ತೆ. ವಯಸ್ಸಾಯ್ತಲ್ಲ ಸಾರ್. ಮನೆಯೊಳಗೇ ಇದ್ದು ಅಭ್ಯಾಸ ಅದಕ್ಕೆ. ಹೊರಗಿನ ಬಿಸಿಲು, ಮಳೆ ತಡ್ಕೊಳಲ್ಲ."

"ಈಗೀಗ ಯಾವಾಗ ನೋಡಿದ್ರೂ ಬಿಸಿಯಾಗಿರುತ್ತೆ. ಮುಟ್ಟೋಕಾಗಲ್ಲ."

"ಮುಟ್ಟಲೇಬೇಡಿ. ಇಷ್ಟೊಂದು ಭಾರ ಅದರ ಮೇಲೆ ಹಾಕಿದ್ರೆ ಬಿಸಿಯಾಗದೆ ಏನು ಮಾಡುತ್ತೆ? ಮನೆ ಕೆಲಸ ಅಷ್ಟೂ ಅದೇ ಮಾಡ್ಬೇಕು ಅಂದ್ರೆ?"

"ಹೇಗೋ ಸಂಭಾಳಿಸ್ಕೊಂಡು ಹೋಗೋಣ ಅಂತಿದ್ದೆ."

"ಸಂಭಾಳಿಸೋ ಕಾಲ ದಾಟಿತು. ಹಳೇದನ್ನ ಬಿಟ್ಬಿಡಿ. ಹೊಸದು ತಗೊಳ್ಳಿ. ಸ್ವಲ್ಪ ದಪ್ಪ ಇರ್ಲಿ."

"ದಪ್ಪ ಯಾಕೆ?"

"ದಪ್ಪ ಇದ್ರೆ ತಡ್ಕೊಳುತ್ತೆ ಸಾರ್. ತೆಳ್ಳಗಿರೋದು ನೋಡೋಕೆ ಚಂದ, ಅಷ್ಟೇ."

ಮಾಮ ಸ್ವಲ್ಪ ಹೊತ್ತು ಯೋಚಿಸಿದರು. "ಹೊಸದನ್ನ ತಂದ್ಕೊಂಡು, ಹಳೇದನ್ನೂ ಜೊತೆಗೆ ಇಟ್ಕೊಂಡ್ರೆ?"

ಎಲೆಕ್ಟ್ರಿಷಿಯನ್ ಈ ಸಲ ಬಹಳ ಹೊತ್ತು ಕಣ್ಣು ಮುಚ್ಚಿದ. "ಎರಡನ್ನ ಮಾತ್ರ ಸೇರಿಸಲೇಬೇಡಿ. ಎಷ್ಟೋ ಮನೆ ಸುಟ್ಟುಹೋಗಿರೋದು ಅದರಿಂದಲೇ."

ಟೈಲರಮ್ಮನ ಬಾಯಲ್ಲಿದ್ದ ಬಟ್ಟೆ ಕ್ಲಿಪ್ಪು ಬಕೆಟ್ಟಿನೊಳಗೆ ಬಿತ್ತು. ದಿಂಬು, ಹೊದಿಕೆ, ತಂಬಿಗೆ ದಿನಾ ಮಧ್ಯಾಹ್ನ ಆಚೆ ಹೋಗುವುದನ್ನು ಅವರು ಹದಿನೈದು ದಿನದಿಂದ ನೋಡುತ್ತಿದ್ದರು. ಈಗ ಅರ್ಥವಾಯಿತು. ಕೈಹಿಡಿದವಳನ್ನು ಈ ಮನುಷ್ಯ 'ಅದು' ಎನ್ನುತ್ತಿದ್ದಾನಲ್ಲ ಎಂದು ಅವರಿಗೆ ಕಣ್ಣೀರೇ ಬಂತು.

ಟೈಲರಮ್ಮ ಚಾಡಿಕೋರರಲ್ಲ. ಈ ವಿಷಯವನ್ನು ಅವರು ಮೂವರಿಗೆ ಮಾತ್ರ ಹೇಳಿದರು, ಮೂವರಿಗೂ "ನಿಮ್ಮಲ್ಲೇ ಇರ್ಲಿ" ಎಂದರು. ಮೂವರೂ ಹಾಗೆಯೇ ತಮ್ಮಲ್ಲಿಟ್ಟುಕೊಂಡು ಉಳಿದವರಿಗೆ ಹೇಳಿದರು. ಸಂಜೆಯ ಹೊತ್ತಿಗೆ ಹೊಸಬಳು ದಪ್ಪ ಎಂದು ಬೇಕರಿಯವನಿಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಹಾಲಿನವನಿಗೆ ಅವಳ ಊರೂ ಗೊತ್ತಿತ್ತು. ಹಲ್ಲಿನ ಡಾಕ್ಟರು ಅತ್ತೆಗೆ ಕಾರಣ ಹೇಳದೆ ಎರಡು ದಿನ ರಜೆ ಕೊಟ್ಟರು. ಅತ್ತೆ ಒಳ್ಳೆಯ ಡಾಕ್ಟರು ಎಂದುಕೊಂಡು ರಜೆ ತೆಗೆದುಕೊಂಡರು.

ಬುದ್ಧಿ ಹೇಳುವ ಹೊಣೆ ಬೀದಿಯ ನಿವೃತ್ತ ಹೆಡ್‌ಮಾಸ್ತರ ಮೇಲೆ ಬಿತ್ತು. ಅವರು ಮಧ್ಯಾಹ್ನ ಮನೆಗಾಡಿಯ ಬಾಗಿಲು ತಟ್ಟಿದಾಗ ಮಾಮ ಆಗಷ್ಟೇ ಯಾವುದೋ ಸರೋವರದ ದಡ ತಲುಪಿದ್ದರು.

"ಈ ವಯಸ್ಸಲ್ಲಿ ಹೊಸದು ಬೇಕಾ?" ಎಂದು ಹೆಡ್‌ಮಾಸ್ತರು ನೆಲ ನೋಡುತ್ತ ಕೇಳಿದರು.

"ಈ ವಯಸ್ಸಲ್ಲೇ ಬೇಕಾಗಿರೋದು ಸಾರ್. ಮಧ್ಯಾಹ್ನ ಮಲಗೋದು ಕಷ್ಟ ಆಗಿದೆ."

ಹೆಡ್‌ಮಾಸ್ತರ ಕಿವಿ ಕೆಂಪಾಯಿತು. ಅವರು ಮಾತನ್ನು ಸ್ವಲ್ಪ ಮೇಲಕ್ಕೆತ್ತಿದರು. "ಇಷ್ಟು ವರ್ಷ ನಿಮ್ಮ ಮನೆಗೆ ಬೆಳಕಾಗಿದ್ದದ್ದು ಯಾವುದು ಅಂತ ಒಂದು ಸಲ ಯೋಚನೆ ಮಾಡಿ."

"ನಾನು ಬೇಡ ಅಂತಿಲ್ಲ ಸಾರ್" ಎಂದರು ಮಾಮ, ನಿದ್ದೆಗಣ್ಣಲ್ಲೇ. "ಬೆಳಕಿಗೆ ಸಾಕು. ಫ್ಯಾನು, ಫ್ರಿಜ್ಜು ಅಂದ್ರೆ ಸಾಲದು."

ಹೆಡ್‌ಮಾಸ್ತರು ಹಣೆ ಹಿಡಿದುಕೊಂಡು ಹಿಂದಿರುಗಿದರು. ಮೂವತ್ತು ವರ್ಷದ ಮೇಷ್ಟರ ಕೆಲಸದಲ್ಲಿ ಇಷ್ಟು ಕೈಮೀರಿದ ವಿದ್ಯಾರ್ಥಿಯನ್ನು ನೋಡಿರಲಿಲ್ಲ ಎಂದು ಅವರು ಆಮೇಲೆ ಹೇಳಿದರಂತೆ.

ಅವರ ಹಿಂದೆಯೇ ವಾರ್ಡು ಕಚೇರಿಯ ಗುಮಾಸ್ತ ಬಂದ. ಒಂದು ಜಾಗದಲ್ಲಿ ಎರಡು ಸಂಸಾರ ಶುರುವಾದರೆ ಎರಡು ನಂಬರು ಇರಬೇಕು, ಅದು ನಿಯಮ. ಗುಮಾಸ್ತ ಸೀಮೆಸುಣ್ಣ ತೆಗೆದು ಮನೆಗಾಡಿಯ ಬಾಗಿಲ ಮೇಲೆ 'ನಲವತ್ತೆರಡು ಬಟಾ ಒಂದು' ಎಂದು ಅಂಕಿಯಲ್ಲಿ ಬರೆದ. ಮಾಮ ಅದನ್ನು ಗಾಡಿಯ ನಂಬರು ಎಂದು ತಿಳಿದರು. ತಾವು ಮಲಗುವ ಗಾಡಿಗೂ ಒಂದು ನಂಬರು ಬಂತಲ್ಲ ಎಂದು ಅವರ ಎದೆ ತುಂಬಿ ಬಂತು. ನಡುವಿನ ಬಟಾ ಗೆರೆ ಇರಬೇಕಾದ್ದಕ್ಕಿಂತ ಹೆಚ್ಚು ಓರೆಯಾಗಿತ್ತು. ಅದನ್ನು ಒರೆಸಿ, ಗುಮಾಸ್ತನ ಕೈಯಲ್ಲೇ ಮತ್ತೆ ಬರೆಸಿದರು.

ಮಾರನೆಯ ದಿನ ಊಟ ಮುಗಿಯುತ್ತಿದ್ದಂತೆ ಅತ್ತೆ ಗಂಡನ ಕೈಗೆ ಚೀಟಿ ಕೊಟ್ಟರು. ಎಲೆಕ್ಟ್ರಿಷಿಯನ್ ಹೇಳಿದ್ದನ್ನೆಲ್ಲ ಅವರೇ ಬರೆದಿದ್ದರು: ಹೊರಗೆ ಬಳಸುವ ರಬ್ಬರು ಕವಚದ್ದು, ಒಳಗೆ ದಪ್ಪ ತಾಮ್ರ, ಅರ್ಥಿಂಗ್ ಇರಲೇಬೇಕು, ನಡುವೆ ಕೂಡಿಸಿರಬಾರದು. "ಮಲಗೋಕೆ ಮುಂಚೆ ಹೋಗಿ ತನ್ನಿ. ಎಲೆಕ್ಟ್ರಿಷಿಯನ್ ಮೂರಕ್ಕೆ ಬರ್ತಾನೆ" ಎಂದು ಕಳಿಸಿದರು.

ಮಾಮ ಬೀದಿಯ ತಿರುವು ದಾಟಿದ ಹತ್ತೇ ನಿಮಿಷಕ್ಕೆ ಅತ್ತೆಯ ಅಣ್ಣ ಬಂದರು. ಅವರು ನಿವೃತ್ತ ಬಸ್ ಡ್ರೈವರು. ಟೈಲರಮ್ಮ ಫೋನಿನಲ್ಲಿ ಅವರಿಗೂ ಒಬ್ಬರಿಗೇ ಹೇಳಿದ್ದರು. ಹಿಂದೆಯೇ ಟೈಲರಮ್ಮ, ಹೆಡ್‌ಮಾಸ್ತರು ಮತ್ತು ನಿಯಮ ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಲು ಗುಮಾಸ್ತ ಬಂದರು.

"ಎಲ್ಲಿ ಅವರು?" ಎಂದರು ಅಣ್ಣ, ನಿಂತಲ್ಲಿಂದಲೇ.

"ಹೊಸದು ತರೋಕೆ ಹೋಗಿದ್ದಾರೆ" ಎಂದರು ಅತ್ತೆ.

ಅಣ್ಣ ಗೋಡೆ ಹಿಡಿದುಕೊಂಡರು. "ಹಾಡಹಗಲಲ್ಲೇ?"

"ಮತ್ತೆ ಅಂಗಡಿ ತೆರೆದಿರೋದು ಯಾವಾಗ? ನಾನೇ ಕಳಿಸಿದೆ. ಹೇಳಿ ಹೇಳಿ ಸಾಕಾಯ್ತು. ಎಷ್ಟು ದಪ್ಪ ಇರ್ಬೇಕು ಅಂತ ಚೀಟಿ ಬೇರೆ ಬರೆದುಕೊಟ್ಟೆ."

ಟೈಲರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಇಂಥ ತ್ಯಾಗವನ್ನು ಅವರು ಕೇಳಿಯೇ ಇರಲಿಲ್ಲ.

"ನಿನಗೆ ಬೇಜಾರಿಲ್ವಾ ತಂಗಿ?" ಎಂದರು ಅಣ್ಣ.

"ಬೇಜಾರು ಯಾಕೆ? ನನಗೆ ಭಯ ಇತ್ತು. ಹೊಸದು ಬಂದ್ರೆ ನೆಮ್ಮದಿ. ಬನ್ನಿ, ಅಲ್ಲೇ ಗಾಡೀಲಿ ಕೂತಿರೋಣ. ನೆರಳಿದೆ. ಅವರೂ ಇನ್ನೇನು ಬರ್ತಾರೆ."

ಅಂಗಡಿಯಲ್ಲಿ ಮಾಮ ಬೇರೆಯೇ ಕೆಲಸದಲ್ಲಿ ಮುಳುಗಿದ್ದರು. ಅಂಗಡಿಯವರು ಚೀಟಿ ನೋಡಿ ಐದಾರು ಬಗೆಯ ವೈರು ಮುಂದಿಟ್ಟರು. ಕಪ್ಪು, ಕಿತ್ತಳೆ, ಚಕ್ರಕ್ಕೆ ಸುತ್ತಿದ್ದು, ಬಿಡಿಯಾಗಿದ್ದು. ಮಾಮ ವೈರು ನೋಡಲಿಲ್ಲ. ಕನ್ನಡಕ ಏರಿಸಿ ಅದರ ಮೇಲಿನ ಅಚ್ಚು ಓದತೊಡಗಿದರು.

"ಇದು ಬೇಡ. 'ಸುರಕ್ಷತೆ'ಯಲ್ಲಿ ಷಕಾರ ಬಿಟ್ಟಿದ್ದಾರೆ. 'ಸುರಕತೆ' ಅಂತಿದೆ."

"ಅದು ಅಚ್ಚಿನ ತಪ್ಪು ಸಾರ್. ವೈರು ಚೆನ್ನಾಗಿದೆ."

"ಮೇಲೆ ಷಕಾರ ಬಿಟ್ಟವರು ಒಳಗೆ ತಾಮ್ರ ಬಿಟ್ಟಿಲ್ಲ ಅಂತ ಹೇಗೆ ನಂಬೋದು?"

ಅಂಗಡಿಯವರೇ ಒಂದು ತುದಿಯನ್ನು ಕತ್ತರಿಸಿ ನೋಡಿದರು. ಒಳಗೆ ಕೂದಲೆಳೆಯಂಥ ನಾಲ್ಕು ತಂತಿಗಳಿದ್ದವು. ಅವರು ಆ ಪೆಟ್ಟಿಗೆಯನ್ನು ಮೇಜಿನ ಕೆಳಗೆ ಇಟ್ಟರು. ಒಂದರಲ್ಲಿ ಅಲ್ಪವಿರಾಮ ಹೆಚ್ಚಾಗಿತ್ತು, ಒಂದರಲ್ಲಿ ತಯಾರಕರ ಊರೇ ಇರಲಿಲ್ಲ. ಅಕ್ಷರದೋಷವಿಲ್ಲದ್ದು ಇಡೀ ಅಂಗಡಿಯಲ್ಲಿ ಒಂದೇ ಸಿಕ್ಕಿತು. ಕಪ್ಪಗೆ, ಹೆಬ್ಬೆರಳಿನ ಗಾತ್ರ, ಎತ್ತಿದರೆ ತೋಳು ನೋಯುವಷ್ಟು ತೂಕ. ಮಾಮ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಟರು.

ಇತ್ತ ಮನೆಗಾಡಿಯಲ್ಲಿ ಐದು ಜನ ಇಕ್ಕಟ್ಟಾಗಿ ಕೂತಿದ್ದರು. ಸೆಖೆಯೆಂದು ಅಣ್ಣ ಫ್ಯಾನು ಹಾಕಿದರು. ದುಃಖಕ್ಕೆ ಚಹಾ ಒಳ್ಳೆಯದೆಂದು ಟೈಲರಮ್ಮ ಕೆಟಲು ಹಾಕಿದರು. ಫ್ರಿಜ್ಜು ಮೊದಲೇ ಓಡುತ್ತಿತ್ತು. ಕತ್ತಲೆನಿಸಿತೆಂದು ಗುಮಾಸ್ತ ದೀಪ ಹಾಕಿದ. ಒಂದು ಬಗೆಯ ಮಂಪರು ಎಲ್ಲರನ್ನೂ ಆವರಿಸಿತು. ಪರದೆ ಅಲುಗಿತು, ನೆರಳು ಹರಿಯಿತು, ಗಾಡಿ ಮೆಲ್ಲಗೆ ತೂಗಿತು. ಬುದ್ಧಿ ಹೇಳಲು ಬಂದ ಹೆಡ್‌ಮಾಸ್ತರು ಮೊದಲು ತೂಕಡಿಸಿದರು. ಅಣ್ಣನಿಗೆ ತಾವು ಮತ್ತೆ ಹಳೆಯ ಬಸ್ಸಿನಲ್ಲಿ ಹೊಳೆ ದಾಟುತ್ತಿರುವಂತೆ ಅನಿಸಿತು.

"ಏನೋ ಸುಟ್ಟ ವಾಸನೆ" ಎಂದರು ಅತ್ತೆ.

"ದಾರೀಲಿ ಯಾರೋ ಕಸ ಸುಡ್ತಿದ್ದಾರೆ" ಎಂದರು ಅಣ್ಣ ಕಣ್ಣು ಮುಚ್ಚಿಕೊಂಡೇ. "ಊರು ದಾಟಿದ್ರೆ ಹೋಗುತ್ತೆ."

ಅತ್ತೆ ಹಾಸಿಗೆ ಎತ್ತಿದರು. ಸುರುಳಿಯ ಬಿಳಿ ವೈರು ಕಂದು ಬಣ್ಣಕ್ಕೆ ತಿರುಗಿ, ಮೇಣದಂತೆ ಒಂದಕ್ಕೊಂದು ಅಂಟಿಕೊಂಡು ಹೊಗೆ ಬಿಡುತ್ತಿತ್ತು. "ಎಲ್ಲರೂ ಇಳೀರಿ" ಎಂದು ಅವರು ಹೇಳಿದ ದನಿಗೆ ಹೆಡ್‌ಮಾಸ್ತರು ನಿದ್ದೆಯಲ್ಲೇ ಇಳಿದರು. ಅತ್ತೆ ಹುಲ್ಲು ದಾಟಿ ಅಡುಗೆಮನೆಯತ್ತ ಓಡಿದರು. ಅಷ್ಟರಲ್ಲಿ ಗೇಟಿನಲ್ಲಿದ್ದ ಎಲೆಕ್ಟ್ರಿಷಿಯನ್ ಹೊಗೆ ಕಂಡು, ಈ ಒಂದು ಸಲ ಕಣ್ಣು ಮುಚ್ಚದೆ, ಒಳಗೆ ನುಗ್ಗಿ ಮೈನ್ ಸ್ವಿಚ್ಚನ್ನೇ ಇಳಿಸಿದ.

ಮಾಮ ಹೆಗಲ ಮೇಲೆ ವೈರು ಹೊತ್ತು ಬಂದಾಗ ಎಲ್ಲರೂ ಹುಲ್ಲಿನ ಮೇಲೆ ನಿಂತಿದ್ದರು.

"ಎಲ್ಲಿ ಅವಳು?" ಎಂದರು ಅಣ್ಣ.

"ಯಾರು?"

"ಹೊಸಬಳು. ದಪ್ಪನೆಯವಳು."

ಮಾಮ ಹೆಗಲಿನಿಂದ ವೈರು ಇಳಿಸಿದರು. "ದಪ್ಪ ಅಂದ್ರೆ ಇದೇ ಇದ್ದದ್ದು ಭಾವನವರೇ."

ಟೈಲರಮ್ಮ ತಾವು ಕಾಂಪೌಂಡಿನ ಆಚೆಯಿಂದ ಕೇಳಿಸಿಕೊಂಡ ಮಾತನ್ನೆಲ್ಲ ತಡವರಿಸುತ್ತ ಒಪ್ಪಿಸಿದರು. ಗುಮಾಸ್ತ ಕರವಸ್ತ್ರ ತೆಗೆದು ಬಾಗಿಲ ಮೇಲಿನ ನಂಬರನ್ನು ಮೆಲ್ಲಗೆ ಒರೆಸತೊಡಗಿದ. ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಟೈಲರಮ್ಮನ ಎದುರು ನಿಂತರು.

"ಅವರು 'ಅದು' ಅಂದಿದ್ದು ನನಗೇ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಯಾವಾಗಲೂ ಬಿಸಿ, ಮುಟ್ಟೋಕಾಗಲ್ಲ ಅಂದ್ರಲ್ಲ..." ಎಂದು ಟೈಲರಮ್ಮ ನಿಜವನ್ನೇ ಹೇಳಿಬಿಟ್ಟರು.

ಹೆಡ್‌ಮಾಸ್ತರು ಆಕಾಶ ನೋಡಿದರು. ಅತ್ತೆ ನಗಲಿಲ್ಲ. ಗಂಡನ ಕಡೆ ತಿರುಗಿದರು.

"ಅವರು ತಿಳ್ಕೊಂಡದ್ದು ತಪ್ಪು, ಸರಿ. ಆದ್ರೆ ಹದಿನೈದು ದಿನದಿಂದ ದಿಂಬು ತಗೊಂಡು ಹೋಗ್ತೀರಲ್ಲ, ಅದು ನಿಜ ತಾನೇ? ಮನೇಲಿ ಹಾಸಿಗೆ ಇಲ್ವಾ?"

ಮಾಮನನ್ನು ಯಾರೂ ಇದನ್ನು ಕೇಳಿರಲಿಲ್ಲ. ಅವರು ಚಪ್ಪಲಿಯ ಬಾರು ನೋಡಿದರು. "ಅಲ್ಲಿ ಮಲಗಿದ್ರೆ ಗಾಡಿ ಹೋದ ಹಾಗೆ ಆಗುತ್ತೆ."

"ನನ್ನ ಬಿಟ್ಟು?"

"ಇಲ್ಲ. ನೀನು ಮುಂದಿನ ಸೀಟಲ್ಲಿ ಇರ್ತೀಯ. ದಾರಿ ಕೇಳೋದೆಲ್ಲ ನೀನೇ." ಬಾರಿನಿಂದ ಕಣ್ಣೆತ್ತಿ ಹೇಳಿದರು: "ಎದ್ದಾಗ ಮಾತ್ರ ಇರಲ್ಲ."

ಅತ್ತೆ ಬಾಗಿ ಹೊಸ ವೈರನ್ನು ಎತ್ತಿ ತೂಕ ನೋಡಿದರು.

ಎಲೆಕ್ಟ್ರಿಷಿಯನ್ ಅದನ್ನು ಕೈಗೆ ತೆಗೆದುಕೊಂಡು, ಸುರುಳಿಯನ್ನು ಪೂರ್ತಿ ಬಿಡಿಸಿ ಹುಲ್ಲಿನ ಮೇಲೆ ಚಾಚಿದ. "ಸುತ್ತಿಟ್ಟು ಮಾತ್ರ ಬಳಸ್ಬೇಡಿ, ಒಳಗೇ ಬೇಯುತ್ತೆ. ಒಳ್ಳೇ ಮಾಲು ತಂದಿದ್ದೀರಿ ಸಾರ್." ಕಣ್ಣು ಮುಚ್ಚಿದ, ತೆರೆದ. "ಆದ್ರೆ ಇದು ಹತ್ತೇ ಮೀಟರು. ಗಾಡಿ ಇರೋದು ಇಪ್ಪತ್ತೈದು ಮೀಟರ್ ಆಚೆ."

ಚೀಟಿಯಲ್ಲಿ ಉದ್ದ ಬರೆದಿರಲಿಲ್ಲ. ವೈರಿನ ಮೇಲೆ ಬರೆದಿತ್ತು, ಆದರೆ ಮಾಮ ತಪ್ಪು ಹುಡುಕುವ ಭರದಲ್ಲಿ ಅದನ್ನು ಓದಿರಲಿಲ್ಲ. "ಹಾಗಾದ್ರೆ ಇನ್ನೊಂದು ತುಂಡು ಸೇರಿಸಿ..."

"ಸೇರಿಸಲೇಬಾರದು" ಎಂದರು ಟೈಲರಮ್ಮ, ಹೆಡ್‌ಮಾಸ್ತರು, ಅಣ್ಣ, ಗುಮಾಸ್ತ, ಎಲ್ಲರೂ ಒಟ್ಟಿಗೆ.

"ವೈರು ಗಿಡ್ಡ ಇದ್ದಷ್ಟೂ ಒಳ್ಳೇದೇ" ಎಂದ ಎಲೆಕ್ಟ್ರಿಷಿಯನ್. "ವೈರು ಗಾಡಿ ಹತ್ರ ಹೋಗ್ದಿದ್ರೆ ಗಾಡೀನೇ ವೈರಿನ ಹತ್ರ ತನ್ನಿ."

ಅಣ್ಣ ಅಂಗಿಯ ತೋಳು ಮಡಚಿದರು. ಬಂದ ಕೆಲಸ ಕೈಗೆ ಹತ್ತಲಿಲ್ಲ, ಎಣಿಸದಿದ್ದ ಕೆಲಸ ಸಿಕ್ಕಿತ್ತು. ಅದೂ ಅವರದೇ ಕೆಲಸ. ಡ್ರೈವರ್ ಸೀಟಿಗೆ ಹತ್ತಿ, ಸ್ಟೇರಿಂಗನ್ನು ಎರಡು ಕೈಯಲ್ಲೂ ಹಿಡಿದು, ಕನ್ನಡಿ ಸರಿಮಾಡಿಕೊಂಡರು. ಅತ್ತೆ ಅವರ ಪಕ್ಕದ ಸೀಟಿನಲ್ಲಿ ಕೂತರು. ಹಿಂದೆ ಎಲೆಕ್ಟ್ರಿಷಿಯನ್, ಗುಮಾಸ್ತ, ಹೆಡ್‌ಮಾಸ್ತರು ನಿಂತರು. ಟೈಲರಮ್ಮ ಎಲ್ಲರಿಗಿಂತ ಮೊದಲು ಟೊಂಕ ಕಟ್ಟಿ ನಿಂತಿದ್ದರು. ಮಾಮನೂ ತಳ್ಳಲು ಹೋದರು.

"ನೀವು ಹತ್ತಿ ಸಾರ್" ಎಂದರು ಹೆಡ್‌ಮಾಸ್ತರು, ಅವರನ್ನು ನೋಡದೆ. "ಇಷ್ಟು ಜನ ಸಾಕು."

ಮಾಮ ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತರು. ಕಿಟಕಿಯ ಪರದೆ ಸರಿಸಿದರು. ಅಣ್ಣ ಬ್ರೇಕು ಬಿಟ್ಟರು. ಒಂದು ಸಣ್ಣ ಅಲುಗಾಟ. ಹಿಂದಿನಿಂದ ನಾಲ್ಕು ಜನರ ಉಸಿರು. ಆಮೇಲೆ ಗಾಡಿ ಹೊರಟಿತು. ಈ ಸಲ ನೆರಳಲ್ಲ, ಮರವೇ ಹಿಂದೆ ಸರಿಯಿತು. ಮಾಮ ಮಂಚವನ್ನು ಗಟ್ಟಿಯಾಗಿ ಹಿಡಿದರು. ಟೈಲರಮ್ಮನ ಮನೆಯ ತಂತಿಯಲ್ಲಿ ಒಣಗುತ್ತಿದ್ದ ಅಂಗಿಗಳು ಒಂದೊಂದಾಗಿ ಬಂದು ತೋಳು ಬೀಸಿ ಹೋದವು. ನೀರಿನ ತೊಟ್ಟಿ ಬಂತು, ತೊಟ್ಟಿಯ ಮೇಲೆ ಕೂತಿದ್ದ ಕಾಗೆ ತಲೆ ಓರೆ ಮಾಡಿ ನೋಡಿತು. ಆಮೇಲೆ ಬಟ್ಟೆ ಒಗೆಯುವ ಕಲ್ಲು. ದಿನಾ ನೋಡಿದ ಕಲ್ಲೇ. ಆದರೆ ಹೀಗೆ, ಹೋಗುತ್ತ ಹೋಗುತ್ತ, ಹಿಂದೆ ಬಿಟ್ಟು ಬರುವ ವಸ್ತುವಾಗಿ ಅದನ್ನು ಅವರು ಯಾವತ್ತೂ ನೋಡಿರಲಿಲ್ಲ. ಗೇಟಿನಲ್ಲಿ ನಿಂತಿದ್ದ ಹಾಲಿನವನು, ಇನ್ನೂ ಏನೂ ತಿಳಿಯದವನು, ಮಾಮ ಹೊರಟೇಬಿಟ್ಟರು ಎಂದು ಕೈ ಬೀಸಿದ. ಮಾಮನೂ ಕೈ ಬೀಸಿದರು. ಅವರ ಕಣ್ಣಲ್ಲಿ ನೀರಿತ್ತು.

ಹದಿನೆಂಟು ಮೀಟರ್ ಆದ ಮೇಲೆ ಮನೆಯ ಗೋಡೆ ನಿಧಾನಕ್ಕೆ ಬಂದು ಕಿಟಕಿಯ ತುಂಬ ನಿಂತಿತು.

"ಬಂದ್ವಿ ಭಾವ" ಎಂದು ಅಣ್ಣ ಬ್ರೇಕು ಎಳೆದರು. "ಇಳೀಬಹುದು."

ಮಾಮ ಇಳಿಯಲಿಲ್ಲ. ಹೊರಗೆ ಎಲೆಕ್ಟ್ರಿಷಿಯನ್ ವೈರಿನ ಒಂದು ತುದಿಯನ್ನು ಅಡುಗೆಮನೆಗೂ ಇನ್ನೊಂದನ್ನು ಗಾಡಿಗೂ ಹಾಕಿ, ಮೈನ್ ಸ್ವಿಚ್ಚು ಏರಿಸಿದ. ಅತ್ತೆ ಮುಂದಿನ ಸೀಟಿನಿಂದ ಎದ್ದು ಒಳಗೆ ಬಂದರು.

"ಸ್ವಲ್ಪ ಸರೀರಿ. ಕಿಟಕಿ ಪಕ್ಕ ನಾನು."

ಮಾಮ ಸರಿದರು. "ಎಲ್ಲಿಗೆ ಹೋಗೋಣ?"

"ಮೊದಲು ಫ್ಯಾನು ಹಾಕಿ" ಎಂದರು ಅತ್ತೆ.